ಉಂಗುರ ಬೆರಳಿನ ತಗ್ಗು

ಮೋಟು ಬೆರಳಿನವನೇ,

ಹೀಗೆ ಕರೆದರೆ ನೀನು ಎಡಗೈಯನ್ನು ಜೇಬಿಗೆ ತುರುಕಿಕೊಂಡು ಮುಖ ಊದಿಸುತ್ತಿದ್ದೆ. ಈಗಲೂ ಹಾಗೇ ಮಾಡಿದೆಯೋ ಏನೋ. ನಿನ್ನ ವಿಳಾಸ ಕೊಟ್ಟವಳು ನಿನ್ನ ತಂಗಿ. ಸ್ಕೂಟರಿನ ಕನ್ನಡಿ ಮುರಿದುಕೊಂಡು ಅಂಗಡಿಗೆ ಬಂದಿದ್ದಳು. ಕನ್ನಡಿ ಕೂರಿಸುವುದು ನನ್ನ ಕೆಲಸವಲ್ಲ ಎಂದು ಅವಳಿಗೂ ಗೊತ್ತು, ಆದರೂ ಕೂರಿಸಿಕೊಟ್ಟೆ. ನೀನು ಬಂದರಿನ ಹತ್ತಿರ ದೋಣಿಗಳ ಇಂಜಿನ್ ರಿಪೇರಿ ಮಾಡಿಕೊಂಡಿದ್ದೀಯಂತೆ, ಮೋಟರ್‌ಸೈಕಲ್ ಮಾರಿಬಿಟ್ಟೆಯಂತೆ. ಮನೆಯಲ್ಲಿ ನಿನ್ನ ಜೊತೆ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳು, ಅದಕ್ಕೇ ಕೇಳಲಿಲ್ಲ.

ಜೊತೆಗಿರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡ. ನಿನ್ನ ಅವಸರ ನನಗೆ ಗೊತ್ತು. ಮೊದಲು ಕಾಗದ ಓದು.

ಅಂಗಡಿ ನೀನು ಬಿಟ್ಟು ಹೋದ ಹಾಗೆಯೇ ಇದೆ. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಹಿಂದಿನ ಕೋಣೆಯಲ್ಲಿ ಮಿಲ್ಲಿಂಗ್ ಮೆಷಿನ್, ನಡುವೆ ನಿದ್ದೆ ಹೊಡೆಯುತ್ತ ನನ್ನ ಚಿಕ್ಕಮ್ಮ. ಮೋಟರ್‌ಸೈಕಲ್‌ಗಳಿಗೆ ಬೇಕಾದ ಬಿಡಿಭಾಗಗಳನ್ನು ಈಗಲೂ ಮೊದಲು ಪರದೆಯ ಮೇಲೆ ಬರೆದು, ಆಮೇಲೆ ಅಲ್ಯೂಮಿನಿಯಂ ಗಟ್ಟಿಯಲ್ಲಿ ಕೊರೆಯುತ್ತೇನೆ. ಕಾಲಿಡುವ ಪೆಡಲ್ಲು, ದೀಪದ ಹಿಡಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಎಡ ಹ್ಯಾಂಡಲ್ಲಿನಲ್ಲಿ ಬೆರಳಿನಿಂದ ಎಳೆಯುವ ಕ್ಲಚ್ ಲಿವರ್. ಲಿವರ್ ಬೇಕೆಂದರೆ ಈಕೆಯ ಹತ್ತಿರ ಹೋಗಿ ಎನ್ನುತ್ತಾರೆ ಜನ. ಆ ಹೆಸರು ನಿನ್ನಿಂದಲೇ ಬಂದದ್ದು. ಹೇಗೆ ಬಂತೆಂದು ನನಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ನೀನು ಮೊದಲ ಸಲ ಬಂದ ದಿನ ಕೈ ಚಾಚಿ ತೋರಿಸಿದ್ದೆ. ಉಂಗುರ ಬೆರಳಿನ ತುದಿಯ ಗೆಣ್ಣು ಇಲ್ಲ. ಚಿಕ್ಕಮ್ಮ ಕೇಳಿದ್ದಕ್ಕೆ ಮೊಸಳೆ ತಿಂತು ಎಂದೆ. ಅವಳು ಪಾಪ ಎರಡು ದಿನ ನಂಬಿದ್ದಳು. ಚಿಕ್ಕಂದಿನಲ್ಲಿ ಸೈಕಲ್ಲಿನ ಚೈನಿಗೆ ಸಿಕ್ಕಿಕೊಂಡಿತು ಎಂದು ನನಗೆ ಮಾತ್ರ ನಿಜ ಹೇಳಿದೆ. ಅಂಗಡಿಯಲ್ಲಿ ಸಿಗುವ ಲಿವರ್ ಆ ಬೆರಳಿಗೆ ಎಟುಕುತ್ತಿರಲಿಲ್ಲ, ಉಳಿದ ಬೆರಳುಗಳು ಅದರ ಪಾಲಿನ ಕೆಲಸವನ್ನೂ ಮಾಡಿ ಕೈಗೆ ಸೆಳೆತ ಬರುತ್ತಿತ್ತು. "ಬೆರಳು ಮೋಟು ಅಂತ ಕ್ಲಚ್‌ಗೆ ಗೊತ್ತಾಗಬಾರದು, ಹಂಗೆ ಮಾಡ್ಕೊಡು" ಎಂದೆ. ಗಿರಾಕಿಗಳು ಏನೇನೋ ಕೇಳುತ್ತಾರೆ. ಇಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ.

ಹ್ಯಾಂಡಲ್ಲಿಗೆ ಜೇಡಿಮಣ್ಣು ಸುತ್ತಿ ನಿನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ಅಚ್ಚು ತೆಗೆದೆ. "ಮಿಲಿಮೀಟರಮ್ಮ, ಇನ್ನೂ ಎಷ್ಟೊತ್ತು" ಎಂದು ನೀನು ಗೊಣಗುತ್ತಿದ್ದೆ. ಮಣ್ಣು ಇನ್ನೂ ಕೂತಿಲ್ಲ, ಅಲ್ಲಾಡಬೇಡ ಎಂದೆ ನಾನು. ಮಣ್ಣು ಆಗಲೇ ಕೂತಾಗಿತ್ತು. ಆ ಅಚ್ಚನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನಿನ್ನ ಕೈಯನ್ನು ಎಬ್ಬಿಸಿದೆ. ಬೂದು ಬಣ್ಣದ ಕೈ, ಉಗುರಿಲ್ಲದ್ದು. ನೀನು ಎಂದೂ ನನ್ನ ಮಾತು ಕೇಳಿದವನಲ್ಲ. ನಿನ್ನ ಕೈ ಮಾತ್ರ ನಾನು ಮೌಸ್ ತಿರುಗಿಸಿದ ಕಡೆಗೆ ತಿರುಗುತ್ತಿತ್ತು. ಆ ಕೈಗೆ ತಾಗುವಂತೆ ಲಿವರಿನ ಗೆರೆ ಎಳೆದೆ, ಉಂಗುರ ಬೆರಳಿನ ಜಾಗದಲ್ಲಿ ಒಂದು ತಗ್ಗು ಬಿಟ್ಟೆ, ಮೋಟು ತುದಿ ಅಲ್ಲಿ ಬಂದು ಕೂರಲಿ ಎಂದು.

ನೀನು ಊರು ಬಿಟ್ಟು ಹೊರಟ ಬೆಳಿಗ್ಗೆಯನ್ನೂ ಹೇಳಿಬಿಡುತ್ತೇನೆ, ನಾವಿಬ್ಬರೂ ಅದನ್ನು ನುಂಗಿಕೊಂಡಿದ್ದು ಸಾಕು. ಇಂಜಿನ್ ಆರಿಸದೆ ಅಂಗಡಿಯ ಮುಂದೆ ನಿಂತು, "ಹಿಂದಿನ ಸೀಟು ಖಾಲಿ ಇದೆ" ಎಂದೆ. "ಹಿಂದೆ ಕೂತ್ಕೊಂಡು ಬರೋಳಲ್ಲ ನಾನು" ಎಂದೆ ನಾನು. ನೀನು ನಕ್ಕೆ. ಹೊಸ ಮೆಷಿನ್ ಆಗಷ್ಟೇ ಬಂದಿತ್ತು, ಅದನ್ನು ಬಿಟ್ಟು ಹೇಗೆ ಬರಲಿ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನೀನು ಇನ್ನೊಂದು ಸಲ ಕೇಳಿದ್ದರೆ ಆ ಮಾತು ಉಳಿಯುತ್ತಿರಲಿಲ್ಲ. ಕೇಳಲಿಲ್ಲ. ಕ್ಲಚ್ ಹಿಡಿದೆ, ಗೇರ್ ಹಾಕಿದೆ, ಹೋದೆ. ಹಳೆಯ ಲಿವರ್ ಆಗಿದ್ದರೆ ಕೈ ಸೆಳೆದು ಒಂದು ಗಳಿಗೆ ತಡೆಯುತ್ತಿದ್ದೆಯೇನೋ. ನಾನು ಮಾಡಿಕೊಟ್ಟದ್ದು ಬೆಣ್ಣೆಯ ಹಾಗೆ ಬಂತು. ತಿರುವು ದಾಟುವವರೆಗೂ ಗೇರ್ ಬದಲಾಗುವ ಸದ್ದು ಕೇಳುತ್ತಲೇ ಇದ್ದೆ, ಒಂದು ಕಡೆಯೂ ನಿನ್ನ ಕೈ ತಡವರಿಸಲಿಲ್ಲ.

ಆಮೇಲೆ ಪರದೆಯ ಮೇಲೆ ನಿನ್ನ ಕೈ ನೋಡಲಾಗಲಿಲ್ಲ. ಅಳಿಸಲೂ ಆಗಲಿಲ್ಲ. ಕಾಣದಂತೆ ಮರೆ ಮಾಡಿಟ್ಟೆ, ಆ ತಂತ್ರಾಂಶದಲ್ಲಿ ಅದಕ್ಕೊಂದು ಗುಂಡಿ ಇದೆ. ಮುಂದೆ ಯಾರು ಲಿವರ್ ಕೇಳಿದರೂ ಅದೇ ಫೈಲು ತೆರೆದು, ಉದ್ದ ಅಗಲ ಬದಲಿಸಿ, ಅದರಲ್ಲೇ ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದೆ. ಕೈ ಕಣ್ಣಿಗೆ ಕಾಣದಿದ್ದರೂ ಒಳಗೇ ಇತ್ತು. ಎಲ್ಲ ಲಿವರಿನ ಗೆರೆಯೂ ಅದಕ್ಕೇ ಆತುಕೊಂಡಿತ್ತು.

ಇದು ಬಯಲಾಗಿದ್ದು ಬೇಕರಿಯಾಕೆಯಿಂದ. ಬೆಳಿಗ್ಗೆ ಮನೆಮನೆಗೆ ಬ್ರೆಡ್ಡು ಹಾಕುವವಳು, ಪುಟ್ಟ ಕೈ, ದೊಡ್ಡ ಬಾಯಿ. ಹೊಸ ಲಿವರನ್ನು ವಾರದೊಳಗೆ ಬಿಚ್ಚಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. "ಇಲ್ಲಿ ಗುಳಿ ಯಾಕಿದೆ? ನನ್ ಬೆರಳು ಜಾರಿ ಒಳಗೆ ಹೋಗುತ್ತೆ. ಯಾರ ಕೈ ಇದು?" ಎಂದಳು. ಅದು ನಮ್ಮ ವಿನ್ಯಾಸ, ಎಲ್ಲರೂ ಮೆಚ್ಚಿದ್ದಾರೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಹೇಳುತ್ತ ಹೇಳುತ್ತಲೇ ಅದು ಯಾರ ಕೈ ಎಂದು ನನಗೆ ಹೊಳೆಯಿತು.

ಮೆಚ್ಚಿದ್ದೂ ಸುಳ್ಳಲ್ಲ. ಆ ತಗ್ಗನ್ನು ಇದೊಂದು ಹೊಸ ಶೈಲಿ ಎಂದುಕೊಂಡವರೇ ಹೆಚ್ಚು. ಸೇತುವೆ ಆಚೆಯ ಅಂಗಡಿಯವನಂತೂ ನಕಲು ಹೊಡೆದು ತನ್ನದೆಂದು ಮಾರುತ್ತಿದ್ದಾನೆ. ನೀನು ಊರು ಬಿಟ್ಟೆ, ನಿನ್ನ ಮೋಟು ಬೆರಳು ಮಾತ್ರ ಇಲ್ಲಿ ಬೀದಿಬೀದಿ ಸುತ್ತುತ್ತಿದೆ. ಸಿಗ್ನಲ್ಲಿನಲ್ಲಿ ನಿಂತ ಯಾವ ಗಾಡಿ ನೋಡಿದರೂ ನಿನ್ನ ಕೈ ಹಿಡಿದ ಜಾಗ. ನನಗೆ ನಗು ಬಂತು, ಆಮೇಲೆ ಅಳುವೂ ಬಂತು. ಬೇಕರಿಯಾಕೆ ಎರಡನ್ನೂ ನೋಡಿದಳು. ನಂತರ ಹೊರಗೆ ಹೋಗಿ, ನಿಲ್ಲಿಸಿದ್ದ ನನ್ನ ಗಾಡಿಯ ಕ್ಲಚ್ ಒಮ್ಮೆ ಹಿಡಿದು ಬಿಟ್ಟಳು. "ಇಲ್ಲೂ ಅವ್ನೇ ಇದಾನಲ್ಲ" ಎಂದಳು.

ನನ್ನ ಎಡ ಮಣಿಕಟ್ಟು ಬಹಳ ದಿನದಿಂದ ನೋಯುತ್ತಿತ್ತು. ಮೆಷಿನ್ ಕೆಲಸದ್ದು ಎಂದು ಚಿಕ್ಕಮ್ಮ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಅದು ಮೆಷಿನ್ನಿನದಲ್ಲ. ನಿನ್ನ ಅಳತೆಯ ಲಿವರನ್ನು ನನ್ನ ಕೈಯಲ್ಲಿ ಎಳೆದೂ ಎಳೆದೂ ಬಂದದ್ದು. ಊರಿನವರ ಕೈ ಅಳೆಯುವವಳು ನನ್ನ ಕೈಯನ್ನು ಒಮ್ಮೆಯೂ ಅಳೆದಿರಲಿಲ್ಲ ನೋಡು.

ಅದೇ ಸಂಜೆ ಕೂತು ನಿನ್ನ ಕೈಯನ್ನು ಮತ್ತೆ ಪರದೆಗೆ ತಂದೆ. ನೀನು ಹಾಗೇ ಇದ್ದೆ. ಅಳಿಸುವ ಗುಂಡಿ ಒತ್ತಿದಾಗ ಕಂಪ್ಯೂಟರ್ ಕೇಳಿತು, ಇದಕ್ಕೆ ಆತುಕೊಂಡದ್ದೆಲ್ಲ ಕೆಡುತ್ತದೆ, ಮುಂದುವರಿಯಲೇ ಎಂದು. ಅದು ಯಾರು ಏನು ಅಳಿಸಿದರೂ ಕೇಳುವ ಪ್ರಶ್ನೆ. ನನಗೆ ಮಾತ್ರ ಉತ್ತರ ಕೊಡುವುದು ಕಷ್ಟವಾಯಿತು. ಬೇಡ ಎಂದು ಒತ್ತಿ, ಮೆಷಿನ್ನಿಗೆ ಹೊಸ ಗಟ್ಟಿ ಕಟ್ಟಿ, ನಿನ್ನ ಲಿವರನ್ನು ಇನ್ನೊಂದೇ ಒಂದು ಸಲ ಕೊರೆದೆ. ತಗ್ಗಿನ ಒಳಗೆ ಮರಳು ಕಾಗದದಿಂದ ನುಣುಪು ಬಾರದೆ ನನ್ನ ಹೆಬ್ಬೆರಳಿನಿಂದಲೇ ಪಾಲಿಶ್ ಹಚ್ಚಿ ತಿಕ್ಕಿದೆ. ಅದಾದ ಮೇಲೆ ಹೌದು ಎಂದು ಒತ್ತಿದೆ. ಲಿವರಿನ ಗೆರೆಗಳೆಲ್ಲ ಕೆಂಪಾಗಿ ಕುಸಿದವು. ಈಗ ಒಂದೊಂದನ್ನೇ ಮೊದಲಿನಿಂದ ಕಟ್ಟುತ್ತಿದ್ದೇನೆ. ನನ್ನ ಕೈಯ ಅಚ್ಚು ತೆಗೆಯಲು ಬೇಕರಿಯಾಕೆ ಬಂದು, ಹಿಟ್ಟು ನಾದುವವಳ ಜೋರಿನಲ್ಲಿ ಬೆರಳು ಒತ್ತಿಕೊಟ್ಟಳು. ಮಣ್ಣು ಬೇಗ ಕೂತಿತು.

ನನಗೆ ನೀನು ಬೇಕಾಗಿತ್ತು. ಈಗಲೂ ಬೇಕು. ಇಷ್ಟು ಬರೆಯಲು ಇಷ್ಟೆಲ್ಲ ಬರೆದೆ.

ಈಗ ಪೊಟ್ಟಣ ಬಿಚ್ಚು. ಹಾಕಿಕೊಳ್ಳಲು ನಿನ್ನ ಬಳಿ ಗಾಡಿ ಇಲ್ಲ ಎಂದು ಗೊತ್ತು. ಬೇಕಾದರೆ ಬಾಗಿಲಿಗೆ ಹಿಡಿ ಮಾಡಿಕೋ, ಕಾಗದ ಹಾರದ ಹಾಗೆ ಮೇಲಿಡು. ಆದರೆ ಮೊದಲು ಒಂದು ಸಲ ಎಡಗೈಯಲ್ಲಿ ಹಿಡಿದು ನೋಡು. ಬೆರಳು ತಗ್ಗಿನಲ್ಲಿ ಕೂತರೆ ಸರಿ, ಕೆಲಸ ಮುಗಿಯಿತು. ನೀನು ದಪ್ಪಗಾಗಿ ಅದು ಕೂರದೆ ಹೋದರೆ ನನ್ನನ್ನು ಬೈಯಬೇಡ, ಇನ್ನು ನಿನ್ನ ಅಳತೆ ನನ್ನ ಹತ್ತಿರ ಇಲ್ಲ. ತಿದ್ದಿಕೊಡಬೇಕೆಂದರೆ ಕೈಯನ್ನೇ ತರಬೇಕಾಗುತ್ತದೆ.

ಎಲ್ಲಿದ್ದರೂ ನಿನ್ನ ಕೈಗೆ ಕೆಲಸವೂ ಮೈಗೆ ಆರೋಗ್ಯವೂ ಇರಲಿ, ಹಿಡಿದದ್ದು ಹಗುರವಾಗಿ ಬರಲಿ.

ಇಂತಿ,
ನಿನ್ನ ಮಿಲಿಮೀಟರಮ್ಮ