ಸಹಿ ಹಾಕದ ಕಾಗದ

ಮೇಟಗಳ್ಳಿ ಕಾರ್ಖಾನೆಯ ಮ್ಯಾನೇಜರ್ ಅವರಿಗೆ, ಪೇಂಟ್ ವಿಭಾಗದ ಯೋಗೇಂದ್ರ ಅವರ ಹೆಂಡತಿ ಹೇಮಶ್ರೀಯ ನಮಸ್ಕಾರ.

ನಮ್ಮ ಯಜಮಾನರು ಕುಡಿದು ಬಂದು ಸೂಪರ್‌ವೈಸರನ್ನು ಹೊಡೆದರೆಂದು ನೀವು ಬರೆಸಿ ಕಳಿಸಿದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಅವರು ಹೆಂಡ ಮುಟ್ಟಿದವರಲ್ಲ. ಹದಿನೆಂಟು ವರ್ಷ ನಿಮ್ಮ ಕಿಟಕಿಯಿಲ್ಲದ ಕೋಣೆಯಲ್ಲಿ ಥಿನ್ನರ್ ವಾಸನೆ ಕುಡಿದಿದ್ದಾರೆ. ಅದು ಮೆದುಳಿಗೆ ಏಟು ಕೊಟ್ಟಿದೆ ಎಂದು ಡಾಕ್ಟರ್ ಹೇಳಿದರು. ಎಂದೂ ದನಿ ಏರಿಸದಿದ್ದವರು ಈಗ ತಟ್ಟೆ ಎಸೆಯುತ್ತಾರೆ, ಆಮೇಲೆ ಅಳುತ್ತಾರೆ. ಮೊನ್ನೆ ನಮ್ಮ ಬೀದಿಯಲ್ಲೇ ನಿಂತು, "ನಮ್ಮನೆ ಯಾವ್ದೇ?" ಎಂದರು.

ನಿಮ್ಮ ಕಾಗದವನ್ನು ಅದೇ ವಿಭಾಗದ ಇನ್ನು ಮೂವರ ಹೆಂಡತಿಯರಿಗೆ ಓದಿ ಹೇಳಿದೆ. "ನಮ್ಮೋರೂ ಅಂಗೇ ಆಡ್ತಾರೆ ಕಣಕ್ಕ," ಎಂದರು.

ಆ ಕೋಣೆಯ ಡ್ರಮ್ಮುಗಳಲ್ಲಿ ಏನೇನಿತ್ತೆಂದು ಬರೆಸಿಡಿ, ಡಾಕ್ಟರಿಗೆ ಬೇಕು. ಸೋಮವಾರ ನಾವು ನಾಲ್ವರೂ ಬರುತ್ತೇವೆ. ನಾಲ್ಕು ಕುರ್ಚಿ ಹಾಕಿಸಿ.

ಇಂತಿ,
ಹೇಮಶ್ರೀ, ಒಂಟಿಕೊಪ್ಪಲ್