ಹದಿನೈದು ಅಂಗಿ, ಒಂದು ಪುಸ್ತಕ

ಮಾನ್ಯ ಮುಖ್ಯೋಪಾಧ್ಯಾಯರೇ,

ನಮ್ಮೂರ ಹರ್ಲಿಂಗ್ ಆಟದ ಕ್ಲಬ್ಬಿನ ಅಧ್ಯಕ್ಷರೂ ತಾವೇ ಆದ್ದರಿಂದ ಒಂದೇ ಪತ್ರದಲ್ಲಿ ಇಬ್ಬರನ್ನೂ ವಿಚಾರಿಸಿಕೊಳ್ಳುತ್ತೇನೆ.

ಶಾಲೆಯ ಗ್ರಂಥಾಲಯದಿಂದ ಒಂದು ಕಾದಂಬರಿಯನ್ನು ತೆಗೆಸಿದ್ದೀರಿ. ಊರಿನ ಮುದ್ದಿನ ಮಗನೊಬ್ಬ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡುವುದು, ಊರು ಕಣ್ಣು ಮುಚ್ಚಿಕೊಳ್ಳುವುದು ಅದರ ಕತೆ. ಎಳೆಯ ಮನಸ್ಸುಗಳಿಗೆ ಅದರಿಂದ ಆಘಾತವಾಗುತ್ತದಂತೆ. ಇಡೀ ಐರ್ಲೆಂಡಿನಲ್ಲಿ ಇಂಥ ಕರುಣೆ ಸಿಗಲಿಕ್ಕಿಲ್ಲ! ನನ್ನ ಮಗಳು ಗ್ರಾನ್ಯಾಳನ್ನು ಹಾಳುಗೆಡವಿದ್ದು ಪುಸ್ತಕವಲ್ಲ, ತಮ್ಮ ತಂಡದ ಆರನೇ ನಂಬರಿನ ಆಟಗಾರ. ಕ್ಲಬ್ಬಿನ ಹಿಂದೆ ಅವಳ ತಲೆಯನ್ನು ಗೋಡೆಗೆ ಜಜ್ಜಿದ, ಕೂಗದಂತೆ ಕತ್ತು ಹಿಸುಕಿದ. ಅವನ ಬೆರಳುಗಳು ಕತ್ತಿನ ಮೇಲೆ ನೀಲಿಗಟ್ಟಿ ಉಳಿದವು. ಅವಳು ಸ್ಕಾರ್ಫ್ ಸುತ್ತಿಕೊಂಡು ಗಂಟಲು ನೋವು ಎಂದಳು. ನಾನು ಜೇನು ಕಲಸಿದ ಬಿಸಿನೀರು ಕೊಟ್ಟೆ.

ಆ ವಾರ ತಂಡದ ಅಂಗಿಗಳನ್ನು ಒಗೆಯುವ ಸರದಿ ನಮ್ಮ ಮನೆಯದು. ಹದಿನೈದನ್ನೂ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದೆ. ಆರನೇ ನಂಬರಿನದು ಅವಳ ಕಿಟಕಿಯ ಎದುರಿಗೇ ಬಂತು. ಗ್ರಾನ್ಯಾ ಅಡುಗೆಮನೆಯ ಕತ್ತರಿ ಹಿಡಿದು ಓಡಿ ಅದನ್ನು ಚಿಂದಿ ಮಾಡಿದಳು. ಆಮೇಲೆ ತಮ್ಮ ಗ್ರಂಥಾಲಯದಿಂದ ತಂದಿದ್ದ ಆ ಕಾದಂಬರಿಯನ್ನು ನನ್ನ ಮುಂದಿಟ್ಟು, "ಅಮ್ಮಾ, ನಂಗೆ ಹೇಳಕ್ಕೆ ಬಾಯಿ ಬರ್ತಿಲ್ಲ. ನೀನೇ ಓದ್ಕೋ" ಅಂದಳು.

ಪೊಲೀಸರಿಗೆ ದೂರು ಕೊಟ್ಟೆವು. ಆಗ ಊರು ಬಾಯಿ ಬಿಟ್ಟಿತು, ಅಂಗಿಯ ಬಗ್ಗೆ! ಮಾಂಸದಂಗಡಿಯ ನೋರೀನ್ ಸಾಸೇಜು ಕಟ್ಟುತ್ತಾ, "ಆ ಹುಡುಗನ ತಾತನ ಕಾಲದ ನಂಬರ್ ಕಣೇ ಅದು! ಕೌಂಟಿ ಫೈನಲ್ ಹತ್ರ ಇರೋವಾಗ ಹಿಂಗಾ ಮಾಡೋದು?" ಎಂದಳು.

"ಮತ್ತೆ ನನ್ನ ಮಗಳ ಕತ್ತು?"

"ಅದನ್ನ ಕೋರ್ಟ್ ನೋಡ್ಕೊಳ್ಳುತ್ತೆ ಬಿಡು ಮಾರಾಯ್ತಿ."

ತಾವು ಚರ್ಚಿನ ಬಾಗಿಲಲ್ಲಿ ಬಕೆಟ್ ಹಿಡಿದು ಹೊಸ ಅಂಗಿಗೆ ಚಂದಾ ಎತ್ತಿದಿರಿ. ನನ್ನ ಮುಂದೆಯೂ ಚಾಚಿದಿರಿ! ಅದನ್ನು ತಮ್ಮ ತಲೆಗೆ ಕವುಚಿ ಬಡಿಯಬೇಕೆನಿಸಿತು. ಈಗಲೂ ಅನಿಸುತ್ತದೆ. ತೀರ್ಪು ಬರುವವರೆಗೆ ಅವನು ನಿರಪರಾಧಿ, ಆದ್ದರಿಂದ ಆಡುತ್ತಾನೆ. ಪುಸ್ತಕಕ್ಕೆ ಮಾತ್ರ ವಿಚಾರಣೆಯೇ ಇಲ್ಲದೆ ಗಡೀಪಾರು, ಅಲ್ಲವೇ? ತಮ್ಮ ತರಗತಿಯಲ್ಲಿ ಸ್ಕಾರ್ಫ್ ಬಿಚ್ಚದೆ ಕೂತ ಇನ್ನೊಬ್ಬಳಿಲ್ಲವೆಂದು ಪ್ರಮಾಣ ಮಾಡುತ್ತೀರಾ? ಇದ್ದರೆ, ಅವಳು ತನ್ನ ತಾಯಿಯ ಮುಂದೆ ಏನನ್ನು ಇಡಬೇಕು?

ಆ ಕಾದಂಬರಿ ಕಪಾಟಿಗೆ ಮರಳಬೇಕು. ಸರದಿ ತಿರುಗಿ ಮತ್ತೆ ನಮಗೇ ಬಂದಿದೆ. ಏನೂ ಆಗಿಲ್ಲವೆಂಬಂತೆ ಯಾರೋ ಅಂಗಿಗಳ ಚೀಲವನ್ನು ಬಾಗಿಲಲ್ಲಿಟ್ಟು ಹೋಗಿದ್ದಾರೆ. ಫೈನಲ್ ಇರುವುದು ಭಾನುವಾರ. ಶನಿವಾರದೊಳಗೆ ಪುಸ್ತಕ ಕಾಣದಿದ್ದರೆ ತಾವು ಹದಿನೈದು ಅಂಗಿಗೆ ಬಕೆಟ್ ಹಿಡಿಯಬೇಕಾಗುತ್ತದೆ. ಈ ಸಲ ಕತ್ತರಿ ನನ್ನ ಕೈಯಲ್ಲಿದೆ.

ಇಂತಿ,
ಅವನ ಬೆವರನ್ನು ತನ್ನ ಕೈಯಾರೆ ಒಗೆದ
ಗ್ರಾನ್ಯಾಳ ಅಮ್ಮ