ಇಪ್ಪತ್ತಮೂರು ಎಂದು ಬರೆಯಲಿಲ್ಲ

ಬುಧವಾರ, ಮಧ್ಯಾಹ್ನ ಎರಡು ಗಂಟೆ
ಲ್ಯಾಬಿನ ಹಿಂದಿನ ಕೋಣೆಯಿಂದ

ನನ್ನ ಬಾಯಿಬಡುಕಿ ಗೆಳತಿಗೆ,

ನಿನ್ನ ಪುಕ್ಕಲಿ ಬರೆಯುತ್ತಿದ್ದಾಳೆ. ಫೋನು ಮಾಡಬಹುದಿತ್ತಲ್ಲ ಎಂದು ಬೈಯಬೇಡ. ಹತ್ತು ದಿನದಿಂದ ಫೋನು ಎತ್ತಿದರೆ ಸಾಕು, ಜೀವ ಬಾಯಿಗೆ ಬಂದ ಹಾಗಾಗುತ್ತದೆ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಮನೆಯವರು ಮಾರ್ಕೆಟ್ಟಿನಿಂದ ಏನು ತರಲಿ ಎಂದು ಕೇಳಿದರೂ ಪಿಸುಗುಟ್ಟಿ ಉತ್ತರ ಕೊಡುತ್ತೇನೆ. ಬದನೆಕಾಯಿ ಇನ್ನೂ ನಿಷೇಧ ಆಗಿಲ್ಲ ಕಣೆ, ಜೋರಾಗಿ ಹೇಳು ಅಂತ ಅವರು ನಗುತ್ತಾರೆ.

ಕೇಸಿನ ವಿಷಯ ಪೇಪರಿನಲ್ಲಿ ಬಂದದ್ದು ಅರ್ಧಂಬರ್ಧ, ಮೊದಲಿನಿಂದ ಹೇಳುತ್ತೇನೆ. ನಮ್ಮ ಲ್ಯಾಬಿನ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತಲ್ಲ, ನೀನು ಬಂದಾಗ ನೋಡಿದ್ದೀಯ. ಪ್ರತಿ ಸೋಮವಾರ ಅದರ ಮೇಲೆ ಬರೆಯುತ್ತಿದ್ದೆ: ಕಳೆದ ವಾರ ನಮ್ಮಲ್ಲಿ ಪರೀಕ್ಷೆಗೆ ರಕ್ತ ಕೊಟ್ಟವರಲ್ಲಿ ಕಾಮಾಲೆ ಇಷ್ಟು ಜನಕ್ಕೆ, ಟೈಫಾಯ್ಡ್ ಇಷ್ಟು ಜನಕ್ಕೆ, ನೀರು ಕುದಿಸಿ ಕುಡಿಯಿರಿ. ಯಾರ ಹೆಸರೂ ಇಲ್ಲ, ಬರಿ ಸಂಖ್ಯೆ. ಹನ್ನೆರಡು ವರ್ಷ ಹೀಗೆ ಬರೆದೆ. ಹೋದ ವರ್ಷ ಸರ್ಕಾರ ಹೊಸ ನಿಯಮ ತಂದಿತು. ಆರೋಗ್ಯ ಇಲಾಖೆಯ ಅನುಮತಿ ಇಲ್ಲದೆ ರೋಗದ ಅಂಕಿಅಂಶ ಯಾರೂ ಬಹಿರಂಗಪಡಿಸಬಾರದು, ಪಡಿಸಿದರೆ ಎರಡು ವರ್ಷ ಜೈಲು. ಜನ ಗಾಬರಿಯಾಗುತ್ತಾರಂತೆ. ಸುತ್ತೋಲೆ ಬಂದ ದಿನವೇ ಹಲಗೆ ಒರೆಸಿ, ಒಳಗೆ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅನುಮತಿ ಕೇಳಿ ನಾಲ್ಕು ಅರ್ಜಿ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ಆಮೇಲೆ ನಿನ್ನ ಮಗಳು ಹೋದಳು. ಏಳು ತಿಂಗಳ ಬಸುರಿ, ಕಾಮಾಲೆ ಏರಿ ಐದೇ ದಿನ. ಅದಾದ ಒಂದು ತಿಂಗಳಿಗೆ ನಾನು ಆ ನಿಯಮವನ್ನು ರದ್ದು ಮಾಡಿ ಎಂದು ಹೈಕೋರ್ಟಿಗೆ ಹೋದೆ. ಜಿರಲೆ ಕಂಡರೆ ಮಂಚ ಹತ್ತುವವಳು ಸರ್ಕಾರದ ಮೇಲೆ ಕೇಸು ಹಾಕಿದಳೆಂದರೆ ನಮ್ಮ ಬೀದಿಯವರು ನಂಬಲಿಲ್ಲ. ನೀನು ಮಾತ್ರ, ನನ್ನ ಮಗಳ ಸಲುವಾಗಿ ನಿಂತೆಯಲ್ಲ, ಈ ಋಣ ಹೇಗೆ ತೀರಿಸಲಿ ಎಂದು ಕಾಗದ ಬರೆದೆ. ಅದನ್ನು ಎರಡನೆಯ ಸಲ ಓದಲು ನನ್ನಿಂದ ಆಗಲಿಲ್ಲ.

ಹೋದ ವಾರ ಇಲಾಖೆಯಿಂದ ಮೂವರು ಬಂದರು. ಲೈಸೆನ್ಸು, ಫ್ರಿಜ್ಜು, ಸೂಜಿ ಬಿಸಾಡುವ ಡಬ್ಬಿ ಎಲ್ಲ ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ಮತ್ತೆ ಬರ್ತೀವಿ ಅಂತ ನಗುತ್ತಾ ಹೋದರು. ಲ್ಯಾಬಿನ ಯಜಮಾನರು ಬಾಗಿಲು ಹಾಕಿಕೊಂಡು ಕೂರಿಸಿ, ನೋಡಮ್ಮ, ಊರ ಉಸಾಬರಿ ನಮಗ್ಯಾಕೆ, ಕೇಸು ವಾಪಸ್ ತಗೊಂಡ್ಬಿಡು, ನಂಗೂ ಹೆಂಡ್ತಿ ಮಕ್ಕಳಿದ್ದಾರೆ ಅಂದರು. ಎದುರಿನ ಮೆಟ್ಟಿಲ ಮೇಲೆ ಒಬ್ಬ ಮೂರು ದಿನದಿಂದ ಕೂತಿದ್ದಾನೆ. ಯಾರನ್ನೋ ಕಾಯುತ್ತಿರಬಹುದು. ನಿನ್ನೆ ಒಬ್ಬ ಅಜ್ಜನ ರಕ್ತ ತೆಗೆಯುವಾಗ ಎರಡು ಸಲ ನರ ತಪ್ಪಿತು. ನನ್ನ ತೋಳನ್ನೇ ಜರಡಿ ಮಾಡ್ತೀಯೇನಮ್ಮ ಅಂತ ಅವರು ತಮಾಷೆ ಮಾಡಿದರು. ನಾನು ಇದೇ ಕೋಣೆಗೆ ಬಂದು ಅತ್ತೆ.

ಇದೆಲ್ಲ ನಿಜವಾದ ಹೆದರಿಕೆಯೇ. ಇದಕ್ಕಿಂತ ದೊಡ್ಡದು ಇನ್ನೊಂದಿದೆ.

ಮೊನ್ನೆ ಸೋಮವಾರ ಸರ್ಕಾರದ ವಕೀಲರು ಎದ್ದು, ಈ ಹೆಂಗಸಿನ ಮೇಲೆ ಯಾವ ಮೊಕದ್ದಮೆಯೂ ಇಲ್ಲ, ನಿಯಮದಿಂದ ಯಾರಿಗೂ ತೊಂದರೆಯಾಗಿಲ್ಲ, ಸುಮ್ಮನೆ ಕೋರ್ಟಿನ ಹೊತ್ತು ಹಾಳು ಎಂದರು. ನ್ಯಾಯಾಧೀಶರು ನಮ್ಮ ಲಾಯರಮ್ಮನ ಕಡೆ ತಿರುಗಿ, ಇವರು ಬಾಯಿ ಮುಚ್ಚಿಕೊಂಡದ್ದರಿಂದ ಒಬ್ಬರಿಗಾದರೂ ಕೆಡುಕಾಗಿದ್ದರೆ ಗುರುವಾರ ಹನ್ನೊಂದರೊಳಗೆ ಅಫಿಡವಿಟ್ ಕೊಡಿ, ಇಲ್ಲದಿದ್ದರೆ ಅರ್ಜಿ ವಜಾ ಎಂದರು. ಹೊರಗೆ ಬಂದ ಮೇಲೆ ಲಾಯರಮ್ಮ, ಅಂಕಿ ಕೈಯಲ್ಲಿದ್ದಾಗ ಯಾರಾದ್ರೂ ನಿಮ್ಮನ್ನ ಕೇಳಿದ್ರಾ, ನೀವು ಹೇಳಲಿಲ್ವಾ, ನಿಧಾನವಾಗಿ ಯೋಚನೆ ಮಾಡಿ ಅಂದರು. ನಾನು ಯೋಚನೆ ಮಾಡಲೇ ಇಲ್ಲ. ಯಾರೂ ಕೇಳಿಲ್ಲ ಮೇಡಂ ಎಂದುಬಿಟ್ಟೆ.

ಅದು ಸುಳ್ಳು. ಒಬ್ಬರು ಕೇಳಿದ್ದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸಿಬಿಟ್ಟೆ. ಬಹಿರಂಗ ಎಂದರೆ ಹಲಗೆಯ ಮೇಲೆ ಬರೆಯುವುದು ಮಾತ್ರವೋ, ಒಬ್ಬರ ಕಿವಿಯಲ್ಲಿ ಹೇಳುವುದೂ ಸೇರಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆದರಿದವಳಿಗೆ ನಿಯಮ ಇದ್ದುದಕ್ಕಿಂತ ಉದ್ದವಾಗಿ ಕಾಣುತ್ತದೆ ಕಣೆ.

ನಾಳೆ ಅಫಿಡವಿಟ್ಟಿಗೆ ಸಹಿ ಹಾಕದಿದ್ದರೆ ಕೇಸು ಬಿದ್ದುಹೋಗುತ್ತದೆ. ಈ ವಾರ ಕಾಮಾಲೆ ಮೂವತ್ತೊಂದು. ಅದನ್ನು ಊರಿಗೆ ಹೇಳುವವರು ಯಾರೂ ಇರುವುದಿಲ್ಲ. ನಿನಗೆ ಈ ಸಂಖ್ಯೆ ಬರೆದದ್ದೂ ಅಪರಾಧವೇ ಇರಬಹುದು. ಸಹಿ ಹಾಕಿದರೆ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಮೊದಲು ನನ್ನನ್ನೇ ಕೇಳುತ್ತಾರೆ. ಕೆಲಸ ಹೋಗಬಹುದು, ಹೋಗಲಿ. ನನಗೆ ಹೆದರಿಕೆ ಇರುವುದು ಅದರ ಬಗ್ಗೆ ಅಲ್ಲ.

ನಿನ್ನ ಅಳಿಯ ವಾರಕ್ಕೊಮ್ಮೆ ಬಂದು ಕೂತು ಹೋಗುತ್ತಾನೆ, ಹೆಚ್ಚು ಮಾತಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬಿ.ಪಿ. ಮಾತ್ರೆ ಬಿಡಬೇಡ.

ಇಂದಿನವರೆಗಾದರೂ ನಿನ್ನ ಗೆಳತಿಯಾಗಿರುವ,
ಪುಕ್ಕಲಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ. ಕಾಗದದ ಒಳಗೆ, ನನ್ನ ಸಹಿಗಿಂತ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕೇಳಿದವಳು ನಿನ್ನ ಮಗಳು. ಒಂದು ಮಂಗಳವಾರ ಸಂಜೆ ಆಫೀಸು ಮುಗಿಸಿ ಬಂದಳು, ಕಾಲು ಊದಿತ್ತು. ಚಿಕ್ಕಮ್ಮಾ, ನಲ್ಲಿ ನೀರು ವಾಸನೆ ಬರ್ತಿದೆ, ಕುಡೀಬಹುದಾ ಅಂತ ಕೇಳಿದಳು. ಆ ವಾರ ಕಾಮಾಲೆ ಇಪ್ಪತ್ತಮೂರು ಆಗಿತ್ತು, ಅವಳ ಬೀದಿಯವರೇ ಒಂಬತ್ತು ಜನ. ಬೆಂಚಿನ ಮೇಲೆ ಇನ್ನಿಬ್ಬರು ಕೂತು ನಮ್ಮ ಮಾತು ಕೇಳುತ್ತಿದ್ದರು. ಇಲಾಖೆಯವರು ಏನೂ ಹೇಳಿಲ್ಲವಲ್ಲ ಪುಟ್ಟಿ ಎಂದೆ. ಸರಿ ಹಾಗಿದ್ರೆ ಅಂದು ಎದ್ದು ಹೋದಳು. ತಿಂಗಳು ತುಂಬುವುದರೊಳಗೆ ಆಸ್ಪತ್ರೆಗೆ ಸೇರಿಸಿದೆವು. ಕುದಿಸಿ ಕುಡಿ ಎನ್ನಬಹುದಿತ್ತು. ಅದಕ್ಕೆ ಅಂಕಿಯೂ ಬೇಕಿರಲಿಲ್ಲ. ಅದೂ ನನ್ನ ಬಾಯಲ್ಲಿ ಬರಲಿಲ್ಲ. ನಾಳೆ ಅಫಿಡವಿಟ್ಟಿನಲ್ಲಿ ಅವಳ ಹೆಸರು ಬರೆಯುತ್ತೇನೆ. ನೀನು ಬೇಡ ಎಂದುಬಿಟ್ಟರೆ ನನ್ನಿಂದ ಆಗುವುದಿಲ್ಲ. ಈ ಕಾಗದ ನಿನ್ನ ಕೈಸೇರುವುದು ಶನಿವಾರ. ಅಷ್ಟರಲ್ಲಿ ಸಹಿ ಹಾಕಿ ಆಗಿರುತ್ತದೆ.